ಜೀನ್ಸ್ ತೊಟ್ಟ ಹುಡುಗ ಸಂತನಾದ: ಕ್ರೈಸ್ತರಲ್ಲಿ ದಿನನಿತ್ಯದ ಭಕ್ತಿ ಅಂದರೆ ಏನು?

2025ರ ಸೆಪ್ಟೆಂಬರ್ 7, ಭಾನುವಾರ. ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ಪೋಪ್ ಹದಿನಾಲ್ಕನೇ ಲಿಯೊ ಇಟಲಿಯ ಇಬ್ಬರನ್ನು ಸಂತರೆಂದು ಘೋಷಿಸಿದರು. ಒಬ್ಬ ಕಾರ್ಲೊ ಅಕುಟಿಸ್. ಮಿಲಾನ್ ನಗರದಲ್ಲಿ ಬೆಳೆದ ಹುಡುಗ, ಕಂಪ್ಯೂಟರ್ ಅಂದರೆ ಪ್ರಾಣ. 2006ರಲ್ಲಿ, 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ಇನ್ನೊಬ್ಬ ಪಿಯೆರ್ ಜಾರ್ಜೊ ಫ್ರಸ್ಸಾತಿ. ಟುರಿನ್‌ನ ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಟ್ಟ ಹತ್ತುವ ಹುಚ್ಚು. 1925ರಲ್ಲಿ, 24ನೇ ವಯಸ್ಸಿಗೆ ಪೋಲಿಯೊ ತಗುಲಿ ಹೋದ.

ಮರುದಿನವೇ ನಮ್ಮ ಕರಾವಳಿಯಲ್ಲಿ ಮೊಂತಿ ಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆ ಮರಿಯಳಿಗೆ ಅರ್ಪಿಸುವ ಒಂಬತ್ತು ದಿನದ ನೊವೇನಾ ಮುಗಿಯುತ್ತಿದ್ದ ಹೊತ್ತಿಗೇ ಈ ಸುದ್ದಿ ಬಂತು. ಕಾರ್ಲೊನ ದೇಹವನ್ನು ಅಸ್ಸೀಸಿಯಲ್ಲಿ ಗಾಜಿನ ಸಮಾಧಿಯಲ್ಲಿ ಇಟ್ಟಿದ್ದಾರೆ. ಮೈಮೇಲೆ ಜೀನ್ಸ್, ಟ್ರ್ಯಾಕ್ ಜಾಕೆಟ್, ಕಾಲಲ್ಲಿ ಸ್ಪೋರ್ಟ್ಸ್ ಶೂ. ಸಂತರ ಪಟಗಳಲ್ಲಿ ನಿಲುವಂಗಿಯನ್ನೇ ನೋಡಿ ಅಭ್ಯಾಸವಾದವರಿಗೆ ಇದು ವಿಚಿತ್ರ ಅನಿಸುತ್ತದೆ.

ವಿಚಿತ್ರ ಬಟ್ಟೆಯದಷ್ಟೇ ಅಲ್ಲ. ಈ ಇಬ್ಬರೂ ಮಠ ಸೇರಲಿಲ್ಲ, ಪಾದ್ರಿಗಳಾಗಲಿಲ್ಲ, ಧರ್ಮಕ್ಕಾಗಿ ಪ್ರಾಣ ತೆತ್ತವರೂ ಅಲ್ಲ. ಶಾಲೆ ಕಾಲೇಜಿಗೆ ಹೋದರು, ಗೆಳೆಯರ ಜೊತೆ ತಿರುಗಿದರು, ಕಾಯಿಲೆ ಬಂದು ಸತ್ತರು. ಹಾಗಾದರೆ ಇವರಲ್ಲಿ ಚರ್ಚ್ ಕಂಡದ್ದು ಏನು? ಒಬ್ಬ ಕ್ರೈಸ್ತ 'ಪೂರ್ಣ ಮನಸ್ಸಿನಿಂದ' ದೇವರ ಭಕ್ತಿ ಮಾಡುತ್ತಾನೆ ಅಂದರೆ, ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಜವಾಗಿ ಏನು ಮಾಡುತ್ತಾನೆ? ಬುಡದಿಂದ ನೋಡೋಣ.

ಮೊದಲು, ಸಂತ ಅಂದರೆ ಯಾರು

ಕಥೋಲಿಕ ಚರ್ಚ್ ಯಾರನ್ನೂ ಸಂತರನ್ನಾಗಿ 'ಮಾಡುವುದಿಲ್ಲ'. ಈ ವ್ಯಕ್ತಿ ಈಗ ದೇವರ ಸನ್ನಿಧಿಯಲ್ಲಿದ್ದಾರೆ, ಇವರ ಬದುಕನ್ನು ನೀವು ಮಾದರಿಯಾಗಿ ಇಟ್ಟುಕೊಳ್ಳಬಹುದು ಎಂದು ಪರಿಶೀಲಿಸಿ ಹೇಳುತ್ತದೆ, ಅಷ್ಟೆ. ಸಾಮಾನ್ಯವಾಗಿ ಸತ್ತು ಐದು ವರ್ಷವಾದ ಮೇಲೆ ಆ ಊರಿನ ಬಿಷಪರ ಮಟ್ಟದಲ್ಲಿ ವಿಚಾರಣೆ ಶುರು. ಪರಿಚಯದವರ ಸಾಕ್ಷಿ ಕೇಳುತ್ತಾರೆ, ಬರೆದ ಪತ್ರಗಳನ್ನು ಓದುತ್ತಾರೆ. ಆಮೇಲೆ ಕಡತ ರೋಮ್‌ಗೆ ಹೋಗುತ್ತದೆ. ಅವರಲ್ಲಿ ಮೊರೆಯಿಟ್ಟದ್ದರಿಂದ ನಡೆಯಿತು ಎನ್ನುವ ಒಂದು ಪವಾಡ ಸಾಬೀತಾದರೆ ಒಂದು ಮೆಟ್ಟಿಲು ಮೇಲೆ, ಇನ್ನೊಂದು ಸಾಬೀತಾದರೆ ಸಂತ ಪದವಿ.

ಈ ವಿಚಾರಣೆಯಲ್ಲಿ ಮುಖ್ಯವಾಗಿ ನೋಡುವುದು ಪವಾಡವಲ್ಲ, ಬದುಕು. ವಿಶ್ವಾಸ, ಭರವಸೆ, ಪ್ರೀತಿ, ನ್ಯಾಯ, ಸಂಯಮ ಇವೆಲ್ಲ ಆ ವ್ಯಕ್ತಿಯಲ್ಲಿ ಎಷ್ಟು ಗಟ್ಟಿಯಾಗಿದ್ದವು, ಯಾವಾಗಲಾದರೊಮ್ಮೆ ಅಲ್ಲ, ದಿನದಿನವೂ ಇದ್ದವೇ ಎಂಬ ಪ್ರಶ್ನೆ. ಹಾಗಾಗಿ 'ದಿನನಿತ್ಯ' ಎನ್ನುವುದು ಇಲ್ಲಿ ಮೊದಲಿನಿಂದಲೂ ಮುಖ್ಯವೇ.

ಕಥೋಲಿಕರಿಂದ ಬೇರೆಯಾದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಈ ಪದ್ಧತಿ ಇಲ್ಲ. ನಂಬಿದವರೆಲ್ಲರೂ ದೇವರಿಗೆ ಸೇರಿದ ಪವಿತ್ರ ಜನ ಎನ್ನುವುದು ಅವರ ನಿಲುವು. ಆದರೆ ಹೇಗೆ ಬದುಕಬೇಕು ಎನ್ನುವ ವಿಚಾರದಲ್ಲಿ ಎರಡೂ ಕಡೆಯವರು ಹೊರಡುವುದು ಒಂದೇ ಜಾಗದಿಂದ.

ಎಲ್ಲದರ ಬುಡದಲ್ಲಿರುವ ಆಜ್ಞೆ

ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಒಬ್ಬ ಧರ್ಮಶಾಸ್ತ್ರಿ ಯೇಸುವನ್ನು ಕೇಳುತ್ತಾನೆ: ಆಜ್ಞೆಗಳಲ್ಲಿ ದೊಡ್ಡದು ಯಾವುದು? ಯೇಸು ಹೊಸದೇನನ್ನೂ ಹೇಳುವುದಿಲ್ಲ. ಯೆಹೂದ್ಯರು ದಿನಾ ಎರಡು ಹೊತ್ತು ಹೇಳುತ್ತಿದ್ದ ಹಳೆಯ ಮಾತನ್ನೇ ಎತ್ತಿಕೊಳ್ಳುತ್ತಾರೆ. ನಿನ್ನ ದೇವರನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಬುದ್ಧಿಯಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸು. ಅದರ ಬೆನ್ನಿಗೇ ಇನ್ನೊಂದನ್ನು ಕಟ್ಟುತ್ತಾರೆ: ನೆರೆಯವರನ್ನು ನಿನ್ನಂತೆಯೇ ಪ್ರೀತಿಸು.

ಆ ಹಳೆಯ ಮಾತು ಇರುವುದು ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ. ಅಲ್ಲಿ ಮುಂದಿನ ಸಾಲುಗಳನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಈ ಮಾತುಗಳನ್ನು ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳು ಅಂತಿದೆ. ಗುಡಿಯ ಮಾತೇ ಇಲ್ಲ. ಮನೆ, ದಾರಿ, ಹಾಸಿಗೆ. ಭಕ್ತಿ ನಡೆಯಬೇಕಾದ ಜಾಗಗಳು ಇವೇ ಎಂದು ಮೊದಲೇ ಬರೆದಿಟ್ಟಹಾಗಿದೆ.

ಇನ್ನು ಆ ಎರಡನೇ ಆಜ್ಞೆ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಎಂದು ಯೋಹಾನನ ಮೊದಲ ಪತ್ರ ಖಡಾಖಂಡಿತವಾಗಿ ಹೇಳುತ್ತದೆ. ಬೆಟ್ಟದ ಉಪದೇಶದಲ್ಲಿ ಯೇಸು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕಾಣಿಕೆ ಅರ್ಪಿಸಲು ಬಲಿಪೀಠದ ಮುಂದೆ ನಿಂತಾಗ ಯಾರಿಗಾದರೂ ನಿನ್ನ ಮೇಲೆ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿಯಾಗಿ ಬಾ. ಪೂಜೆ ಕಾಯಲಿ ಅಂತ. ಕ್ರೈಸ್ತ ಭಕ್ತಿಯ ಅಳತೆಗೋಲು ಎಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಮನೆ ಬಿಟ್ಟು ಹೋದ ಭಕ್ತಿ, ಮನೆಗೆ ಮರಳಿದ್ದು

ಹೀಗಿದ್ದೂ ಶತಮಾನಗಳ ಕಾಲ ಜನರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತಿತ್ತು. ನಿಜವಾದ ಭಕ್ತಿ ಸನ್ಯಾಸಿಗಳಿಗೆ, ಸಂಸಾರಿಗಳಿಗೆ ಭಾನುವಾರದ ಪೂಜೆ ಸಾಕು ಅಂತ. ಇದು ಎಲ್ಲಿಂದ ಬಂತು?

3ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಅಂತೋನಿ ಎಂಬ ಯುವಕ, ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತನ್ನು ಚರ್ಚ್‌ನಲ್ಲಿ ಕೇಳಿ ಹಾಗೆಯೇ ಮಾಡಿದ. ಮರುಭೂಮಿಗೆ ಹೋದ. ಅವನ ಹಿಂದೆ ಸಾವಿರಾರು ಜನ ಹೋದರು. ಮಠಗಳು ಹುಟ್ಟಿದ್ದು ಹೀಗೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು ಬಂದವು. ಹೊರಗಿನವರಿಗೆ, ಪೂರ್ಣ ಭಕ್ತಿ ಅಂದರೆ ಇದೇ ಎನಿಸತೊಡಗಿತು.

ತಮಾಷೆ ಏನೆಂದರೆ, ಮರುಭೂಮಿಯವರಿಗೇ ಈ ಲೆಕ್ಕದ ಮೇಲೆ ಅನುಮಾನವಿತ್ತು. ಅವರು ಹೇಳಿಕೊಳ್ಳುತ್ತಿದ್ದ ಕಥೆಗಳಲ್ಲಿ ಒಂದು ಹೀಗಿದೆ. ಅಂತೋನಿಗೆ ದೇವರು ತಿಳಿಸಿದರಂತೆ: ಪಟ್ಟಣದಲ್ಲಿ ನಿನಗೆ ಸಮನಾದ ಒಬ್ಬನಿದ್ದಾನೆ, ಅವನು ವೈದ್ಯ. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬಡವರಿಗೆ ಕೊಡುತ್ತಾನೆ, ದಿನಾ ದೇವದೂತರ ಜೊತೆ ಸ್ತುತಿ ಹಾಡುತ್ತಾನೆ. ಇಷ್ಟೇ ಕಥೆ. ಆ ವೈದ್ಯನ ಹೆಸರೂ ಇಲ್ಲ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠಗಳಿಗೆ ಬರೆದ ನಿಯಮಾವಳಿಯಲ್ಲೂ ಕೈಕೆಲಸಕ್ಕೆ ದೊಡ್ಡ ಜಾಗವಿದೆ. ಉಗ್ರಾಣ ನೋಡಿಕೊಳ್ಳುವವನು ಮಠದ ಪಾತ್ರೆ ಪರಿಕರಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂದು ಅದರ 31ನೇ ಅಧ್ಯಾಯ ಹೇಳುತ್ತದೆ.

ಭಕ್ತಿಯನ್ನು ಸಂಸಾರಿಗಳ ಮನೆಗೆ ಮರಳಿ ತಂದವರಲ್ಲಿ ಇಬ್ಬರನ್ನು ಹೆಸರಿಸಲೇಬೇಕು, ಇಬ್ಬರೂ ಎದುರು ಪಾಳಯದವರು. ಪ್ರೊಟೆಸ್ಟೆಂಟ್ ಪಂಥಕ್ಕೆ ಬುನಾದಿ ಹಾಕಿದ ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ, ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ಜನ ಹೆಂಗಸರ ಕೆಲಸ ಮಾಡುವವನು ಎಂದು ನಕ್ಕರೂ, ಅವನು ಅದನ್ನು ವಿಶ್ವಾಸದಿಂದ ಮಾಡಿದರೆ ದೇವರು ದೇವದೂತರೊಂದಿಗೆ ಸಂತೋಷಪಡುತ್ತಾನೆ ಎಂದರು. ಅವರ ವಾದ ಸರಳ. ಗಂಡ, ಹೆಂಡತಿ, ಚಮ್ಮಾರ, ರೈತ, ನ್ಯಾಯಾಧೀಶ, ಪ್ರತಿ ಪಾತ್ರವೂ ದೇವರು ಕೊಟ್ಟ ಕರೆ. ಮಠಕ್ಕೆ ಹೋಗುವುದೇನೂ ಮೇಲಿನ ಕರೆಯಲ್ಲ.

ಇನ್ನೊಬ್ಬರು ಕಥೋಲಿಕ ಬಿಷಪ್ ಫ್ರಾನ್ಸಿಸ್ ಡಿ ಸೇಲ್ಸ್. ಸಂಸಾರಸ್ಥ ಹೆಂಗಸೊಬ್ಬರಿಗೆ ಬರೆದ ಸಲಹೆಗಳನ್ನು ಬೆಳೆಸಿ 1609ರಲ್ಲಿ ಪುಸ್ತಕ ಮಾಡಿದರು. ಸೈನಿಕರ ನಡುವಿನಿಂದ, ಕುಶಲಕರ್ಮಿಯ ಅಂಗಡಿಯಿಂದ, ಅರಮನೆಯಿಂದ, ಸಂಸಾರಸ್ಥರ ಮನೆಯಿಂದ ಭಕ್ತಿಯನ್ನು ಹೊರಗಿಡುವುದು ತಪ್ಪಷ್ಟೇ ಅಲ್ಲ, ಧರ್ಮವಿರುದ್ಧ ಎಂದು ಅವರ ಮಾತು. ಆದರೆ ಎಲ್ಲರ ಭಕ್ತಿಯೂ ಒಂದೇ ಥರ ಇರಬಾರದು ಎಂದೂ ಅಷ್ಟೇ ಒತ್ತಿ ಹೇಳಿದರು. ಬಿಷಪ್ ಒಬ್ಬರು ಏಕಾಂತವಾಸಿಯಂತೆ ಕೋಣೆಯಲ್ಲಿ ಕೂತರೆ, ಮಕ್ಕಳೊಂದಿಗರು ನಾಳೆಗೆ ಏನೂ ಉಳಿಸದೆ ಸನ್ಯಾಸಿಯಂತೆ ಇದ್ದರೆ, ಕೆಲಸಗಾರ ದಿನವಿಡೀ ಚರ್ಚ್‌ನಲ್ಲೇ ಇದ್ದರೆ ಅದು ನಗೆಪಾಟಲು ಅಲ್ವಾ ಎಂದು ಕೇಳಿದರು. ಒಬ್ಬರ ನ್ಯಾಯವಾದ ಹೊಣೆಗೆ ಅಡ್ಡ ಬರುವ ಭಕ್ತಿ ಸುಳ್ಳು ಭಕ್ತಿ. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರುವ ಮಾತು ಇನ್ನೊಂದಿಲ್ಲ.

ಕಥೋಲಿಕ ಚರ್ಚ್ ಇದನ್ನು ಅಧಿಕೃತವಾಗಿ ಒತ್ತಿ ಹೇಳಲು 1964ರವರೆಗೆ ಕಾಯಬೇಕಾಯಿತು. ಲೋಕದ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಆ ವರ್ಷ ನವೆಂಬರ್‌ನಲ್ಲಿ ಹೊರಡಿಸಿದ ದಾಖಲೆಯಲ್ಲಿ ಪೂರ್ತಿ ಒಂದು ಅಧ್ಯಾಯವೇ ಇದಕ್ಕೆ ಮೀಸಲು. ಪಾವಿತ್ರ್ಯದ ಕರೆ ಎಲ್ಲರಿಗೂ, ಯಾವ ಸ್ಥಿತಿಯಲ್ಲಿರುವವರಿಗೂ. ಆಮೇಲೆ ಸಂತರ ಪಟ್ಟಿಯಲ್ಲಿ ಸಂಸಾರಸ್ಥರು, ಉದ್ಯೋಗಸ್ಥರು ಜಾಸ್ತಿ ಕಾಣತೊಡಗಿದರು. ನಮ್ಮ ದೇಶದ ದೇವಸಹಾಯಂ ಪಿಳ್ಳೆ ಅವರಿಗೆ 2022ರ ಮೇ 15ರಂದು ಸಂತ ಪದವಿ ಸಿಕ್ಕಿತು. ತಿರುವಾಂಕೂರು ಅರಮನೆಯಲ್ಲಿ ಅಧಿಕಾರಿಯಾಗಿದ್ದ, ಮದುವೆಯಾಗಿದ್ದ ಮನುಷ್ಯ. 1745ರಲ್ಲಿ ಕ್ರೈಸ್ತರಾದರು, 1752ರಲ್ಲಿ ಗುಂಡಿಗೆ ಬಲಿಯಾದರು. ಪಾದ್ರಿಯೂ ಅಲ್ಲದ, ಸನ್ಯಾಸಿಯೂ ಅಲ್ಲದ ಭಾರತೀಯರಲ್ಲಿ ಸಂತ ಪದವಿ ಪಡೆದ ಮೊದಲಿಗರು ಅವರು.

ಅಡುಗೆಮನೆಯ ಲೊರೆನ್ಸ್

ಇಷ್ಟೆಲ್ಲ ತತ್ವ ಆಯಿತು. ಇದು ಕೆಲಸದ ನಡುವೆ ಹೇಗಿರುತ್ತದೆ ಎನ್ನುವುದಕ್ಕೆ 17ನೇ ಶತಮಾನದ ಪ್ಯಾರಿಸ್‌ಗೆ ಹೋಗಬೇಕು.

ನಿಕೊಲಾಸ್ ಹರ್ಮನ್ ಫ್ರಾನ್ಸ್ ಗಡಿಯ ಲೊರೇನ್ ಸೀಮೆಯವನು. ಯುದ್ಧದಲ್ಲಿ ಸೈನಿಕನಾಗಿದ್ದ, ಗಾಯಗೊಂಡ, ಕಾಲು ಕುಂಟಾಯಿತು. 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠ ಸೇರಿದ. ಪಾದ್ರಿಯಾಗುವಷ್ಟು ಓದಿರಲಿಲ್ಲ. ಹಾಗಾಗಿ ಸೇವಕ ಸಹೋದರ, ಹೆಸರು ಬ್ರದರ್ ಲೊರೆನ್ಸ್. ಕೊಟ್ಟ ಕೆಲಸ ಅಡುಗೆ. ಅದು ಅವನಿಗೆ ಒಂದಿಷ್ಟೂ ಇಷ್ಟವಿರಲಿಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿದ, ಮುಂದೆ ಚಪ್ಪಲಿ ರಿಪೇರಿಗೆ ಬಂದ.

ಮಠದಲ್ಲಿ ಪ್ರಾರ್ಥನೆಗೆ ಗೊತ್ತಾದ ಹೊತ್ತುಗಳಿದ್ದವು. ಆದರೆ ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂಬ ಭೇದ ತನಗಿಲ್ಲ ಎಂದು ಲೊರೆನ್ಸ್ ಹೇಳುತ್ತಿದ್ದ. ನಾಲ್ಕಾರು ಜನ ಒಟ್ಟಿಗೇ ಏನೇನೋ ಕೇಳುತ್ತಾ ಅಡುಗೆಮನೆ ಗಲಾಟೆಯಾಗಿದ್ದಾಗಲೂ ದೇವರ ಮುಂದೆ ಮಂಡಿಯೂರಿದಷ್ಟೇ ಶಾಂತಿ ಇರುತ್ತದಂತೆ. ಅವನ ವಿಧಾನದಲ್ಲಿ ಗುಟ್ಟೇನೂ ಇಲ್ಲ. ಕೆಲಸ ಶುರುಮಾಡುವಾಗ ದೇವರಿಗೆ ಒಂದು ಮಾತು. ನಡುನಡುವೆ ಇನ್ನೊಂದು. ಮುಗಿದ ಮೇಲೆ ಹೇಗಾಯಿತು ಎಂದು ನೋಡಿಕೊಳ್ಳುವುದು. ಚೆನ್ನಾಗಿದ್ದರೆ ಥ್ಯಾಂಕ್ಸ್, ಕೆಟ್ಟಿದ್ದರೆ ಕ್ಷಮೆ, ಕೊರಗದೆ ಮುಂದಿನ ಕೆಲಸ. ನೆನಪು ತಪ್ಪಿದರೆ ಗೋಳಾಡುವುದಿಲ್ಲ, ಮತ್ತೆ ನೆನೆಸಿಕೊಳ್ಳುವುದು.

ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ಬರುವುದಿಲ್ಲ, ಕಾಲು ಬೇರೆ ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೆಗೆ ಈಚೆಗೆ ಹೋಗಬೇಕಿತ್ತು. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿ ಹೊರಟೆ, ಹೇಗೋ ಚೆನ್ನಾಗೇ ಆಯಿತು ಎಂದು ಆಮೇಲೆ ಹೇಳಿದ. ಅವನು 1691ರಲ್ಲಿ ತೀರಿಕೊಂಡ ಮೇಲೆ ಅವನ ಮಾತು, ಪತ್ರಗಳನ್ನು ಸೇರಿಸಿ ಒಬ್ಬ ಪಾದ್ರಿ ಪುಟ್ಟ ಪುಸ್ತಕ ಮಾಡಿದರು. ಅದನ್ನು ಕಥೋಲಿಕರಿಗಿಂತ ಪ್ರೊಟೆಸ್ಟೆಂಟರೇ ಜಾಸ್ತಿ ಓದಿದರು ಎಂದರೂ ತಪ್ಪಾಗಲಾರದು. 2025ರ ಡಿಸೆಂಬರ್‌ನಲ್ಲಿ ಲೆಬನಾನ್‌ನಿಂದ ಮರಳುವ ವಿಮಾನದಲ್ಲಿ ಪೋಪ್ ಲಿಯೊ, ತನ್ನನ್ನು ಅರ್ಥಮಾಡಿಕೊಳ್ಳಬೇಕಿದ್ದರೆ ಈ ಪುಸ್ತಕ ಓದಿ ಎಂದು ಪತ್ರಕರ್ತರಿಗೆ ಹೇಳಿದ ಮೇಲೆ ಲೊರೆನ್ಸ್ ಮತ್ತೆ ಸುದ್ದಿಯಾದ.

ಒಂದು ದಿನ, ಒಂದು ವಾರ, ಒಂದು ವರ್ಷ

ಈಗ ರೂಢಿಗೆ ಬರೋಣ. ಶ್ರದ್ಧೆಯ ಕಥೋಲಿಕ ಮನೆಯೊಂದರ ದಿನ ಬೆಳಿಗ್ಗೆ ಶಿಲುಬೆ ಗುರುತಿನಿಂದ ಶುರುವಾಗುತ್ತದೆ. ಊಟಕ್ಕೆ ಮುಂಚೆ ಒಂದು ಚಿಕ್ಕ ಪ್ರಾರ್ಥನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚರ್ಚ್ ಗಂಟೆ ಬಾರಿಸಿದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಪ್ರಾರ್ಥಿಸುವ ರೂಢಿ ಇದೆ. ಕರಾವಳಿಯ ಕೊಂಕಣಿ ಕ್ರೈಸ್ತರು ಇದನ್ನು ಆಮೋರಿ ಅನ್ನುತ್ತಾರೆ. ಸಂಜೆ ಮನೆಮಂದಿಯೆಲ್ಲ ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ ಮುಂದೆ ಸೇರಿ ತೇರ್ಸ್ ಮಾಡುತ್ತಾರೆ, ಅಂದರೆ ಜಪಸರ. ಹತ್ತು ಮಣಿಗಳ ಐದು ಸುತ್ತು. ಪ್ರತಿ ಸುತ್ತಿಗೂ ಯೇಸು ಇಲ್ಲವೇ ಮರಿಯಳ ಬದುಕಿನ ಒಂದೊಂದು ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಾಯಿ ಜಪಿಸುತ್ತಿರುತ್ತದೆ, ಮನಸ್ಸು ಆ ಘಟನೆಯ ಮೇಲೆ. ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳುತ್ತಾರೆ, ಆಶೀರ್ವಾದ. ಟಿವಿ ಸೀರಿಯಲ್‌ಗಳು, ಟ್ಯೂಷನ್, ಗಲ್ಫಿನ ವಿಡಿಯೊ ಕಾಲ್ ಇವುಗಳ ನಡುವೆ ಇದು ಹಲವು ಮನೆಗಳಲ್ಲಿ ಸೊರಗಿದೆ, ಅದೂ ನಿಜ.

ಮಲಗುವ ಮುಂಚೆ ಇನ್ನೊಂದು ಅಭ್ಯಾಸ, 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೊಲಾ ಒತ್ತಿ ಕಲಿಸಿದ್ದು. ದಿನವನ್ನು ಹಿಂದಕ್ಕೆ ತಿರುಗಿಸಿ ನೋಡುವುದು. ಯಾವುದಕ್ಕೆ ಕೃತಜ್ಞತೆ ಹೇಳಬೇಕು? ಎಲ್ಲಿ ಯಾರ ಮೇಲೆ ಸುಮ್ನೆ ಹರಿಹಾಯ್ದೆ? ನಾಳೆ ಏನು ಸರಿಮಾಡಿಕೊಳ್ಳಬೇಕು? ಹತ್ತು ಹದಿನೈದು ನಿಮಿಷದ ಕೆಲಸ. ತುಂಬಾ ಬಿಡುವಿಲ್ಲದ ದಿನ ಬೇರೆ ಪ್ರಾರ್ಥನೆ ತಪ್ಪಿದರೂ ಇದನ್ನು ಬಿಡಬೇಡಿ ಎಂದು ಅವರ ಪರಂಪರೆಯವರು ಹೇಳುತ್ತಾರೆ.

ವಾರದ ಕೇಂದ್ರ ಭಾನುವಾರದ ಬಲಿಪೂಜೆ. ಅಲ್ಲಿ ಅರ್ಪಿಸುವ ರೊಟ್ಟಿ, ದ್ರಾಕ್ಷಾರಸ ಯೇಸುವಿನ ಶರೀರ, ರಕ್ತವೇ ಆಗುತ್ತದೆ ಎನ್ನುವುದು ಕಥೋಲಿಕರ ನಂಬಿಕೆ. ಅದನ್ನು ಸ್ವೀಕರಿಸುವುದೇ ಪರಮಪ್ರಸಾದ. ಕಾರ್ಲೊಗೆ ಇದರ ಮೇಲೆ ವಿಪರೀತ ಪ್ರೀತಿ. ಮನೆಯವರು ಅಷ್ಟಾಗಿ ಚರ್ಚ್‌ಗೆ ಹೋಗುವವರಾಗಿರದಿದ್ದರೂ ಅವನು ದಿನಾ ಪೂಜೆಗೆ ಹೋಗುತ್ತಿದ್ದ, ದಿನಾ ಜಪಸರ, ವಾರಕ್ಕೊಮ್ಮೆ ಪಾಪನಿವೇದನೆ. ಪರಮಪ್ರಸಾದಕ್ಕೆ ಸಂಬಂಧಪಟ್ಟ ಪವಾಡಗಳನ್ನು ಸಂಗ್ರಹಿಸಿ ವೆಬ್‌ಸೈಟ್ ಮಾಡಿದ. ಅದೇ ಸಂಗ್ರಹ ಮುಂದೆ ಪ್ರದರ್ಶನವಾಗಿ ದೇಶದೇಶ ಸುತ್ತಿತು.

ಅವನ ಇನ್ನೊಂದು ನಿಯಮ ಇಂದಿನ ಅಪ್ಪ ಅಮ್ಮಂದಿರಿಗೆ ಹಿಡಿಸುವಂಥದ್ದು. ವಿಡಿಯೊ ಗೇಮ್ ವಾರಕ್ಕೆ ಒಂದೇ ಗಂಟೆ. ಯಾರೂ ಹೇರಿದ್ದಲ್ಲ, ತಾನೇ ಹಾಕಿಕೊಂಡದ್ದು.

ವರ್ಷದಲ್ಲಿ ದೊಡ್ಡದು ತಪಸ್ಸುಕಾಲ. ಬೂದಿ ಬುಧವಾರದಿಂದ ಪಾಸ್ಕ (ಈಸ್ಟರ್) ಹಬ್ಬದವರೆಗೆ, ಭಾನುವಾರ ಬಿಟ್ಟು 40 ದಿನ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿ, ಮಣ್ಣಿನಿಂದ ಬಂದವನು ಮಣ್ಣಿಗೇ ಮರಳುತ್ತೀ ಎಂದು ನೆನಪಿಸುತ್ತಾರೆ. ಬೂದಿ ಬುಧವಾರ, ಶುಭ ಶುಕ್ರವಾರ ಈ ಎರಡು ದಿನ ಉಪವಾಸ ಕಡ್ಡಾಯ. ಪೂರ್ತಿ ನಿರಾಹಾರವಲ್ಲ. ಒಂದು ಹೊತ್ತು ಹೊಟ್ಟೆ ತುಂಬ ಊಟ, ಉಳಿದ ಎರಡು ಹೊತ್ತು ಸ್ವಲ್ಪ. 18ರಿಂದ 59 ವಯಸ್ಸಿನವರಿಗೆ ಈ ನಿಯಮ, ಕಾಯಿಲೆಯವರಿಗೆ ಇಲ್ಲ. ಆ ಎರಡು ದಿನವೂ ತಪಸ್ಸುಕಾಲದ ಶುಕ್ರವಾರಗಳಲ್ಲೂ 14 ದಾಟಿದವರು ಮಾಂಸ ತಿನ್ನುವುದಿಲ್ಲ, ಮೀನು ತಿನ್ನಬಹುದು. ವರ್ಷದ ಉಳಿದ ಶುಕ್ರವಾರಗಳ ರೂಢಿ ದೇಶದಿಂದ ದೇಶಕ್ಕೆ ಬೇರೆ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಪಾಸ್ಕ ಮಾರ್ಚ್ 28ಕ್ಕೆ ಬರುತ್ತದೆ.

ಇಷ್ಟು ನಿಯಮ ಯಾಕೆ? ಮನಸ್ಸೊಂದಿದ್ದರೆ ಸಾಲದೇ?

ಕ್ರೈಸ್ತರೊಳಗೇ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಉತ್ತರ ಎರಡು ಕಡೆಯಿಂದ ಬರುತ್ತದೆ.

ಒಂದು, ಮನಸ್ಸನ್ನು ನಂಬಿ ಕೂರುವಂತಿಲ್ಲ. ಸಂಗೀತ ಕಲಿಯುವವರು ದಿನಾ ಸರಳೆ ವರಸೆ ಹಾಡುತ್ತಾರೆ. ಅದು ಕಛೇರಿ ಅಲ್ಲ, ಕೇಳಲು ಯಾರೂ ಟಿಕೆಟ್ ಕೊಟ್ಟು ಬರುವುದಿಲ್ಲ. ಆದರೆ ಅದಿಲ್ಲದೆ ರಾಗ ಹಾಡಲು ಹೊರಟರೆ ಗಂಟಲು ಏಳುವುದಿಲ್ಲ. ಗೊತ್ತಾದ ಹೊತ್ತಿನ ಪ್ರಾರ್ಥನೆ, ಉಪವಾಸ ಎಲ್ಲ ಈ ವರಸೆಯ ಹಾಗೆ. ಸಿಟ್ಟು ಬಂದಾಗ ತಡೆದುಕೊಳ್ಳುವ, ಯಾರೂ ನೋಡದಿದ್ದಾಗಲೂ ಸರಿಯಾದ ಲೆಕ್ಕ ಬರೆಯುವ ಶಕ್ತಿ ಆ ಕ್ಷಣದಲ್ಲಿ ದಿಢೀರನೆ ಹುಟ್ಟುವುದಿಲ್ಲ.

ಎರಡು, ನಿಯಮವೇ ಗುರಿಯಾದರೆ ಕೆಡುತ್ತದೆ. ಈ ಎಚ್ಚರಿಕೆ ಬೈಬಲ್‌ನಲ್ಲೇ ಇದೆ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಮುಚ್ಚಿಟ್ಟು ಮಾಡಿ ಎಂದು ಯೇಸು ಹೇಳುತ್ತಾರೆ. ಉಪವಾಸದ ದಿನ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಬಾಡಿದ ಮುಖ ತೋರಿಸಿಕೊಂಡು ತಿರುಗಬೇಡಿ ಅಂತ. ಅದಕ್ಕೂ ಮೊದಲು ಪ್ರವಾದಿ ಯೆಶಾಯ ಕೂಲಿಯವರನ್ನು ದುಡಿಸಿಕೊಂಡು ಉಪವಾಸ ಮಾಡುವವರನ್ನು ಝಾಡಿಸಿದ್ದ. ಹಸಿದವರಿಗೆ ಅನ್ನ ಹಂಚುವುದು, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವುದು, ದೇವರಿಗೆ ಬೇಕಾದ ಉಪವಾಸ ಅದು.

ಜೇಬಿಗೆ ಬರುವ ಭಕ್ತಿ

ಫ್ರಸ್ಸಾತಿಯ ಕಥೆ ಇಲ್ಲಿ ಹೇಳಬೇಕು. ತಂದೆ ಲಾ ಸ್ಟಾಂಪಾ ಎಂಬ ಪತ್ರಿಕೆಯ ಒಡೆಯ, ದೊಡ್ಡ ಶ್ರೀಮಂತ. ಮಗ ಗಣಿ ಎಂಜಿನಿಯರಿಂಗ್ ಆರಿಸಿಕೊಂಡದ್ದು ಗಣಿ ಕಾರ್ಮಿಕರ ನಡುವೆ ಕೆಲಸ ಮಾಡಬಹುದು ಎಂದು. ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಸೇರಿ ಟುರಿನ್‌ನ ಬಡವರ ಮನೆಗಳಿಗೆ ಹೋಗುತ್ತಿದ್ದ. ಈ ಸೊಸೈಟಿ ನಮ್ಮ ಚರ್ಚ್‌ಗಳಲ್ಲೂ ಇದೆ, ಸದಸ್ಯರು ಕಷ್ಟದಲ್ಲಿರುವ ಮನೆಗಳಿಗೆ ಖುದ್ದಾಗಿ ಹೋಗಿ ಬರುತ್ತಾರೆ. ಹುಡುಗ ಗಾಡಿ ಖರ್ಚಿನ ದುಡ್ಡನ್ನೂ ಯಾರಿಗಾದರೂ ಕೊಟ್ಟು, ಊಟದ ಹೊತ್ತಿಗೆ ಮನೆ ತಲುಪಲು ಓಡುತ್ತಿದ್ದನಂತೆ. ಮನೆಯವರಿಗೆ ಇದೆಲ್ಲ ಸರಿಯಾಗಿ ಗೊತ್ತೇ ಇರಲಿಲ್ಲ. ಅವನ ಅಂತ್ಯಸಂಸ್ಕಾರಕ್ಕೆ ತಮಗೆ ಪರಿಚಯವೇ ಇಲ್ಲದ ಬಡವರು ಗುಂಪುಗುಂಪಾಗಿ ಬಂದಾಗ ಮನೆಯವರು ಬೆರಗಾದರು.

ಪರಿಚಯ ಮಾಡಿಕೊಳ್ಳುವುದು ಇದರಲ್ಲಿ ಮುಖ್ಯ. ಕಾರ್ಲೊ ಕೂಡ ಉಳಿಸಿದ ದುಡ್ಡಿನಲ್ಲಿ ರಸ್ತೆಬದಿಯಲ್ಲಿ ಮಲಗುವವರಿಗೆ ಸ್ಲೀಪಿಂಗ್ ಬ್ಯಾಗ್ ಕೊಂಡುಕೊಟ್ಟ. ಹಸಿದಿದ್ದೆ ಊಟ ಕೊಟ್ಟಿರಿ, ಕಾಯಿಲೆಯಲ್ಲಿದ್ದೆ ನೋಡಲು ಬಂದಿರಿ ಎಂದು ಕೊನೆಯ ತೀರ್ಪಿನ ದಿನ ಯೇಸು ಹೇಳುತ್ತಾರೆಂದು ಮತ್ತಾಯನ 25ನೇ ಅಧ್ಯಾಯದಲ್ಲಿ ಇದೆ. ಕಷ್ಟದಲ್ಲಿರುವವರಲ್ಲಿ ಯೇಸುವೇ ಇದ್ದಾರೆ ಎಂದು ಕ್ರೈಸ್ತರು ಇದನ್ನು ಓದುತ್ತಾರೆ. ಹಾಗಾಗಿ ಅವರ ಲೆಕ್ಕದಲ್ಲಿ ದಾನ ಪ್ರಾರ್ಥನೆಗೆ ಸೇರಿಸಿದ ಬಾಲಂಗೋಚಿಯಲ್ಲ.

ಎಷ್ಟು ಕೊಡಬೇಕು? ಹಳೆಯ ಒಡಂಬಡಿಕೆಯ ಹತ್ತನೇ ಒಂದು ಭಾಗ, ಅಂದರೆ ದಶಮಾಂಶವನ್ನು ಹಲವು ಪ್ರೊಟೆಸ್ಟೆಂಟ್ ಸಭೆಗಳು ಇಂದಿಗೂ ಪಾಲಿಸುತ್ತವೆ. ಕಥೋಲಿಕರಲ್ಲಿ ಇಂತಿಷ್ಟೇ ಎಂಬ ದರ ಇಲ್ಲ.

ಪ್ರೊಟೆಸ್ಟೆಂಟ್ ಮನೆಗಳಲ್ಲಿ

ಅಲ್ಲಿ ಜಪಸರ, ಪಾದ್ರಿಯ ಮುಂದೆ ಪಾಪನಿವೇದನೆ ಸಾಮಾನ್ಯವಾಗಿ ಇರುವುದಿಲ್ಲ. ಆ ಜಾಗದಲ್ಲಿ ಬೈಬಲ್ ಓದು, ಮನೆಯ ಕುಟುಂಬ ಪ್ರಾರ್ಥನೆ, ಗೀತೆಗಳು ಮತ್ತು ಸಣ್ಣ ಗುಂಪು ಇವೆ. ಸಣ್ಣ ಗುಂಪಿನ ಪದ್ಧತಿಗೆ ದೊಡ್ಡ ಇತಿಹಾಸವಿದೆ. ಜರ್ಮನಿಯಲ್ಲಿ 1670ರ ದಶಕದಲ್ಲಿ ಫಿಲಿಪ್ ಸ್ಪೇನರ್ ಮನೆಗಳಲ್ಲಿ ಸೇರಿ ಬೈಬಲ್ ಓದುವ ಕೂಟ ಶುರುಮಾಡಿದರು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ 1742ರ ಹೊತ್ತಿಗೆ ಹನ್ನೆರಡು ಜನರ ಗುಂಪುಗಳನ್ನು ಮಾಡಿದರು. ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ಆಳಿಗೊಂದು ಪೆನ್ನಿ ವಸೂಲಿಗೆಂದು ಶುರುವಾದದ್ದು ಅದು. ಪ್ರತಿ ಮನೆಗೂ ಹೋಗುವ ಮುಖಂಡನಿಗೆ ಯಾರ ಬದುಕು ಹೇಗೆ ನಡೆಯುತ್ತಿದೆ ಎಂಬುದೂ ಗೊತ್ತಾಗತೊಡಗಿತು. ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು, ಈ ವಾರ ಹೇಗಿದ್ದಿ ಎಂದು ಕೇಳುವ ಕೂಟವಾಗಿ ಅದು ಬೆಳೆಯಿತು.

ಸ್ಪೇನರ್ ಪರಂಪರೆಯ ಬಿಸಿ ನಮ್ಮ ನಾಡಿಗೂ ಮುಟ್ಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಬಗೆಯ ಮನೆಭಕ್ತಿಯಲ್ಲಿ ಬೆಳೆದವರು. ಅವರಿಗೆ ದುಡಿಮೆಯೂ ಭಕ್ತಿಯ ಭಾಗ. ಮತಾಂತರವಾಗಿ ಊರು, ಕಸುಬು ಕಳೆದುಕೊಂಡವರಿಗೆ ನೇಯ್ಗೆ, ಮುದ್ರಣ, 1865ರಿಂದ ಹೆಂಚಿನ ಕಾರ್ಖಾನೆ ಹೀಗೆ ಕೆಲಸ ಕಟ್ಟಿಕೊಟ್ಟರು. ಮಂಗಳೂರು ಹೆಂಚು ನಮ್ಮೆಲ್ಲರ ಮನೆಯ ಮೇಲೆ ಬಂದದ್ದು ಹಾಗೆ.

ಮನಸ್ಸು ಒಣಗಿದಾಗ

ಕೊನೆಗೆ, ಹೊರಗಿನವರು ಕೇಳದ, ಒಳಗಿನವರು ದಿನಾ ಎದುರಿಸುವ ಪ್ರಶ್ನೆ. ಇದೆಲ್ಲ ಮಾಡಿಯೂ ಏನೂ ಅನಿಸದಿದ್ದರೆ? ಜಪ ಮಾಡುವಾಗ ನಾಳೆಯ ತಿಂಡಿಯದೇ ಯೋಚನೆ ಬಂದರೆ?

ಹಳೆಯ ಗುರುಗಳು ಇದಕ್ಕೆ ಹೆದರಿಸುವುದಿಲ್ಲ. ಭಾವನೆ ಬರುತ್ತದೆ, ಹೋಗುತ್ತದೆ. ಭಕ್ತಿ ಇರುವುದು ಬಿಡದೆ ಮಾಡುವ ನಿರ್ಧಾರದಲ್ಲಿ. ಪ್ರಾರ್ಥನೆಯಲ್ಲಿ ಮನಸ್ಸು ಅಲೆದರೆ ಮೆಲ್ಲಗೆ ಕರೆದು ತರುವುದು, ಅಷ್ಟೇ. ತಪ್ಪು ಮಾಡಿದವರಿಗೆ ಕಥೋಲಿಕರಲ್ಲಿ ಪಾಪನಿವೇದನೆಯ ದಾರಿಯಿದೆ. ಪಾದ್ರಿಯ ಮುಂದೆ ಹೇಳಿಕೊಂಡು, ದೇವರ ಕ್ಷಮೆ ಪಡೆದು, ಕೊಟ್ಟ ಪ್ರಾಯಶ್ಚಿತ್ತ ಮಾಡಿ ಮತ್ತೆ ಶುರುಮಾಡುವುದು. ಅಲ್ಲಿ ಕೇಳಿದ್ದನ್ನು ಪಾದ್ರಿ ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಕದ್ದದ್ದಿದ್ದರೆ ಹಿಂದಿರುಗಿಸಬೇಕು, ಕ್ಷಮಿಸು ಅಂದುಬಿಟ್ಟರೆ ತೀರುವುದಿಲ್ಲ.

ಫ್ರಾನ್ಸಿನ ಲಿಸ್ಯೂ ಊರಿನ ತೆರೇಸಾ ಎಂಬ ಕಾರ್ಮೆಲ್ ಸನ್ಯಾಸಿನಿ 1897ರಲ್ಲಿ, 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡಳು. ದೊಡ್ಡ ಸಾಧನೆ ತನ್ನಿಂದಾಗದು, ಚಿಕ್ಕ ಕೆಲಸಗಳನ್ನೇ ಪ್ರೀತಿಯಿಂದ ಮಾಡುತ್ತೇನೆ ಎನ್ನುವುದು ಅವಳ ದಾರಿ. ಬಟ್ಟೆ ಒಗೆಯುವಾಗ ಎದುರಿನವಳು ಮುಖಕ್ಕೆ ಕೊಳೆನೀರು ಸಿಡಿಸಿದರೂ ಮುಖ ಸಿಂಡರಿಸದಿರುವುದು ಅವಳ ತಪಸ್ಸಿನಲ್ಲಿ ಒಂದು. ಪ್ರಾರ್ಥನೆಯ ಹೊತ್ತಲ್ಲಿ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು, ಅದೂ ವರ್ಷಗಟ್ಟಲೆ. ಮಕ್ಕಳು ಮಲಗಿದ್ದರೂ ಎಚ್ಚರವಿದ್ದರೂ ಅಪ್ಪ ಅಮ್ಮನಿಗೆ ಅಷ್ಟೇ ಪ್ರೀತಿ ತಾನೇ ಎಂದು ಸಮಾಧಾನ ಮಾಡಿಕೊಂಡಳು. ಚರ್ಚ್‌ಗೂ ಅದು ಅಡ್ಡಿಯಾಗಲಿಲ್ಲ. 1925ರಲ್ಲಿ ಅವಳನ್ನು ಸಂತಳೆಂದು ಘೋಷಿಸಿತು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವಳನ್ನು ಇಡೀ ಧರ್ಮಸಭೆಗೆ ಪಾಠ ಹೇಳಬಲ್ಲ ಪಂಡಿತರ ಸಾಲಿಗೆ ಸೇರಿಸಿದರು. ಎರಡು ಸಾವಿರ ವರ್ಷದಲ್ಲಿ ಅಲ್ಲಿಯವರೆಗೆ ಆ ಗೌರವ ಸಿಕ್ಕಿದ್ದು ಬರೀ 32 ಜನಕ್ಕೆ.